ಸ್ಕ್ಯಾನ್ ನಾರ್ಮಲ್, ಆದರೂ ಅಮ್ಮನಿಗೆ ಗೊಂದಲ ಯಾಕೆ?

ಮೂತ್ರದ ಸೋಂಕು ಸೆಪ್ಸಿಸ್‌ಗೆ (ಸೋಂಕಿಗೆ ದೇಹ ಕೊಡುವ ಪ್ರತಿಕ್ರಿಯೆಯೇ ಹಿಡಿತ ತಪ್ಪಿ ಅಂಗಗಳನ್ನು ಕೆಡಿಸುವ ಸ್ಥಿತಿ) ತಿರುಗಿ ಐಸಿಯುನಲ್ಲಿರುವ ಅಮ್ಮ ನಿಮ್ಮ ಗುರುತೇ ಹಿಡಿಯುತ್ತಿಲ್ಲ, ಮೆದುಳಿಗೆ ರಕ್ತ ಹೋಗುತ್ತಿಲ್ಲವಾ ಅಂತ ಕೇಳಿದ್ದೀರಿ. ಪೂರ್ತಿ ನಿಂತಿರುವುದಿಲ್ಲ. ಬಿಪಿ ಏರಿಳಿದರೂ ಮೆದುಳು ತನ್ನ ರಕ್ತನಾಳಗಳನ್ನು ಹಿಗ್ಗಿಸಿ ಕುಗ್ಗಿಸಿ ರಕ್ತದ ಹರಿವನ್ನು ಸಮ ಇಟ್ಟುಕೊಳ್ಳುತ್ತದೆ ಅಲ್ವಾ, ಸೆಪ್ಸಿಸ್‌ನಲ್ಲಿ ಆ ಹಿಡಿತವೇ ತಪ್ಪಬಹುದು, ಕೂದಲಿಗಿಂತ ಸಣ್ಣ ನಾಳಗಳಲ್ಲಿ ರಕ್ತ ಸರಿಯಾಗಿ ಓಡದೆ ಹೋಗಬಹುದು, ಜೊತೆಗೆ ಉರಿಯೂತ ನೇರವಾಗಿ ಮೆದುಳಿನ ಕೆಲಸವನ್ನೇ ಕೆಡಿಸುತ್ತದೆ. ಇದು ಸ್ಕ್ಯಾನ್‌ನಲ್ಲಿ ಕಾಣಲೇಬೇಕು ಅಂತಿಲ್ಲ. ಸರಾಸರಿ ಬಿಪಿ (ಬಿಪಿಯ ಮೇಲಿನ, ಕೆಳಗಿನ ಅಂಕಿಗಳ ನಡುವೆ ಬರುವ ಒಂದೇ ಸಂಖ್ಯೆ, MAP) ಎಷ್ಟಿದೆ ಅಂತ ಡಾಕ್ಟರನ್ನು ಕೇಳಿ, ಸಾಮಾನ್ಯವಾಗಿ 65ಕ್ಕಿಂತ ಕೆಳಗಿಳಿಯಲು ಬಿಡುವುದಿಲ್ಲ.

ನನ್ನ ಅಪ್ಪ ಡ್ರಿಪ್ ಪೈಪನ್ನು ಹಾವು ಅಂತ ಕಿತ್ತೆಸೆದಿದ್ದರು! ಕನ್ನಡಕ ಹಾಕಿಸಿ, ಕೈ ಹಿಡಿದು ಇವತ್ತು ಯಾವ ವಾರ, ಈಗ ಹಗಲು ಅಂತ ಹೇಳುತ್ತಿದ್ದೆವು. ಸೋಂಕು ಇಳಿದಂತೆ ತಿಳಿಯಾದರು. ಮರೆವು ಮಾತ್ರ ಕೆಲವು ತಿಂಗಳು ಇತ್ತು.