ಮಿಕ್ವೆ ನೀರಿನ ಬಗ್ಗೆ ರಬ್ಬಿಗಳು ಅಷ್ಟೊಂದು ಪತ್ರ ಬರೆದದ್ದು ಯಾಕೆ?

ಯಹೂದಿಗಳು ಮುಳುಗಿ ಶುದ್ಧಿಯಾಗುವ ಮಿಕ್ವೆ ಅನ್ನೋ ತೊಟ್ಟಿ ಸರಿಯೋ ತಪ್ಪೋ ಅಂತ ರಬ್ಬಿಗಳು, ಅಂದ್ರೆ ಯಹೂದಿ ಧರ್ಮಗುರುಗಳು, ಶತಮಾನಗಟ್ಟಲೆ ಪತ್ರ ಬರೆದುಕೊಂಡಿದ್ದಾರೆ, ನಲ್ಲಿ ತಿರುಗಿಸಿ ತುಂಬಿಸಿದ್ರೆ ಆಗಲ್ವಾ ಅಂತ ಕೇಳಿದ್ದೀರಿ. ತಕರಾರು ಇರೋದೇ ಆ ನಲ್ಲಿಯಲ್ಲಿ!

ನಾನು ಕಟ್ಟಡಗಳಿಗೆ ಪ್ಲಂಬಿಂಗ್ ನಕ್ಷೆ ಬರೆಯುವವನು. ಈ ಪತ್ರಗಳ ಅನುವಾದ ಓದಲು ಶುರು ಮಾಡಿದ್ದೂ ಅದಕ್ಕೇ. ಮೊದಲೇ ಹೇಳಿಬಿಡ್ತೀನಿ, ಇದು ಕೊಳೆ ತೊಳೆಯುವ ಸ್ನಾನ ಅಲ್ಲ. ಮೈ ಚೆನ್ನಾಗಿ ತೊಳೆದುಕೊಂಡ ಮೇಲೆಯೇ ಮಿಕ್ವೆಗೆ ಇಳಿಯಬೇಕು. ಮುಟ್ಟು ಕಳೆದ ಮೇಲೆ ಮದುವೆಯಾದ ಹೆಂಗಸರು, ಹೊಸದಾಗಿ ಧರ್ಮಕ್ಕೆ ಸೇರುವವರು ಮುಳುಗುತ್ತಾರೆ. ನಮ್ಮ ಮಡಿ ಗೊತ್ತಿದ್ದವರಿಗೆ ಇದು ಬೇಗ ಅರ್ಥವಾಗುತ್ತೆ, ಎರಡೂ ಒಂದೇ ಅಲ್ಲದಿದ್ದರೂ.

ನೀರು ಮಳೆಯದ್ದೋ ಒರತೆಯದ್ದೋ ಆಗಿರಬೇಕು, 40 ಸೆಆ ಇರಬೇಕು. ಸೆಆ ಹಳೆಯ ಅಳತೆ. 40 ಸೆಆ ಅಂದ್ರೆ ಒಬ್ಬರ ಲೆಕ್ಕಕ್ಕೆ 332 ಲೀಟರ್, ಇನ್ನೊಬ್ಬರಿಗೆ 573. ಅಷ್ಟು ತುಂಬುವ ಮೊದಲೇ ಪಾತ್ರೆಯಲ್ಲಿ ಸೇದಿದ ನೀರು 3 ಲೋಗ್, ಅಂದ್ರೆ ಒಂದೆರಡು ಲೀಟರ್, ಬಿದ್ದರೂ ಮಿಕ್ವೆ ಕೆಟ್ಟಿತು. ಈ 3 ಲೋಗ್ ಎಲ್ಲಿಂದ ಬಂತು ಅನ್ನೋ ಕಥೆ ನನಗೆ ಬಹಳ ಇಷ್ಟ. ಹಿಲ್ಲೆಲ್ 12 ಲೋಗ್ ಅಂದರು, ಶಮ್ಮಾಯ್ 36 ಅಂದರು. ಇಬ್ಬರೂ ಹಳೆಯ ಕಾಲದ ಘಟಾನುಘಟಿ ಗುರುಗಳು. ಕೊನೆಗೆ ಜೆರುಸಲೇಮಿನ ಕಸದ ಬಾಗಿಲ ಕಡೆಯಿಂದ ಇಬ್ಬರು ನೇಕಾರರು ಬಂದು, ಇವರಿಗಿಂತ ಹಿರಿಯ ಗುರುಗಳು ಹೇಳಿದ್ದು 3 ಅಂತ ಸಾಕ್ಷಿ ನುಡಿದರು. ಉಳಿದದ್ದು ನೇಕಾರರ ಮಾತೇ. ಮಿಶ್ನಾ ಅನ್ನೋ ಯಹೂದಿಗಳ ಹಳೆಯ ಧರ್ಮನಿಯಮಗಳ ಸಂಗ್ರಹದಲ್ಲಿ ಹೀಗೇ ಇದೆ.

ಊರಿಗೆ ಕೊಳಾಯಿ ಬಂದ ಮೇಲೆ ಗಲಾಟೆ ಜಾಸ್ತಿಯಾಯ್ತು. ನಲ್ಲಿನೀರೂ ಪಾತ್ರೆಯಲ್ಲಿ ಸೇದಿದ ನೀರಿನ ಲೆಕ್ಕವೇ ಅನ್ನೋದು ಪ್ರಶ್ನೆ. ಎರಡೂ ಕಡೆ ತೆರೆದ ಪೈಪು ಪಾತ್ರೆ ಅಲ್ಲ, ಸರಿ. ಆದರೆ ಅದರಲ್ಲಿ ನೀರು ನಿಲ್ಲುವಂಥ ಗುಳಿ ಇದ್ದರೆ? ಮೀಟರ್? ಟ್ಯಾಂಕ್? ಪ್ರತಿಯೊಂದಕ್ಕೂ ಒಂದು ಪತ್ರ. ಕೊನೆಗೆ ರೂಢಿಗೆ ಬಂದ ಉಪಾಯಗಳಲ್ಲಿ ಒಂದು ಹೀಗಿದೆ: ಪಕ್ಕದಲ್ಲೊಂದು ಸಂಪಿನಲ್ಲಿ ಮಳೆನೀರು, ನಡುಗೋಡೆಯಲ್ಲಿ ಎರಡು ಬೆರಳು ತಿರುಗುವಷ್ಟು ತೂತು. ಮುಳುಗುವ ತೊಟ್ಟಿಯ ನಲ್ಲಿನೀರು ಆ ತೂತಿನಲ್ಲಿ ಮಳೆನೀರನ್ನು ಮುಟ್ಟಿದರೆ ಸಾಕು. ಇದಕ್ಕೆ ಹಶಾಕಾ ಅಂತಾರೆ, ಅಂದ್ರೆ ಮುತ್ತಿಡುವುದು.

ಮಳೆಯೇ ಇಲ್ಲದಿದ್ದರೆ? ಮೆದೆಬಾ ಊರಿನವರಿಗೆ ರಬ್ಬಿ ಇಶ್ಮಾಯೆಲ್ ಹಿಮ ತಂದು ಮಿಕ್ವೆ ಮಾಡಿಕೊಳ್ಳಿ ಅಂದಿದ್ದರಂತೆ. ಅದೇ ಎಳೆ ಹಿಡಿದು, ಕಾರ್ಖಾನೆಯ ಐಸ್ ಆಗುತ್ತಾ ಅಂತ ಮುಂದಿನವರು ಮತ್ತೆ ಪತ್ರ ಬರೆದರು. ಅದೂ ಮೊದಲು ನಲ್ಲಿನೀರೇ ಅಲ್ವಾ? ಆದರೂ ಅನೇಕರು ಒಪ್ಪಿದರು. ದಾರಿಯಲ್ಲಿ ಪಾತ್ರೆಯಲ್ಲೇ ಕರಗಿ ನಿಂತ ನೀರನ್ನು ಮಾತ್ರ ತೊಟ್ಟಿಗೆ ಸುರಿಯಬೇಡಿ ಅಂದರು.