ಎದೆಯೊಳಗಿನ ಅಯಸ್ಕಾಂತ ಹೃದಯವನ್ನು ಕಾಯುತ್ತದೆಯೇ?

ಪ್ರಶ್ನೆ: ‘ಐರನ್ ಮ್ಯಾನ್’ (2008) ಸಿನಿಮಾದಲ್ಲಿ ಬಾಂಬಿನ ಚೂರುಗಳು ಹೃದಯಕ್ಕೆ ಹೋಗದಂತೆ ಹೀರೊ ಟೋನಿ ಸ್ಟಾರ್ಕ್‌ನ ಎದೆಯೊಳಗೆ ಕರೆಂಟಿನ ಅಯಸ್ಕಾಂತ ಕೂರಿಸುತ್ತಾರೆ. ಇದು ಸಾಧ್ಯವಾ ಡಾಕ್ಟ್ರೇ? ಲೇತ್ ಕೆಲಸ ಮಾಡುವ ನಮ್ಮ ಚಿಕ್ಕಪ್ಪನ ತೋಳಿನಲ್ಲಿ ಹಳೇ ಕಬ್ಬಿಣದ ಚೂರೊಂದು ಉಳಿದಿದೆ. ಸಿನಿಮಾ ನೋಡಿದ ಮೇಲೆ ಭಯ ಶುರುವಾಗಿದೆ.
– ಪಿಯುಸಿ ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಮೊದಲು ಚಿಕ್ಕಪ್ಪನ ವಿಷಯ. ಭಯ ಬೇಡಮ್ಮ. ಮಾಂಸದಲ್ಲಿ ಸಿಕ್ಕಿಕೊಂಡ ಚೂರಿನ ಸುತ್ತ ದೇಹವೇ ಗಟ್ಟಿ ಪೊರೆ ಕಟ್ಟುತ್ತದೆ. ಸಾಮಾನ್ಯವಾಗಿ ಅದು ಇದ್ದಲ್ಲೇ ಇರುತ್ತದೆ. ರಕ್ತನಾಳದೊಳಗೆ ಹೊಕ್ಕ ಚೂರು ಹೃದಯದವರೆಗೆ ಹೋಗುವುದುಂಟು, ಆದರೆ ಅದು ತೀರಾ ಅಪರೂಪ. ಯಾರಾದರೂ ಎಂಆರ್‌ಐ ಬರೆದುಕೊಟ್ಟರೆ ಮಾತ್ರ ಚೂರಿನ ವಿಷಯ ಮೊದಲೇ ಹೇಳಬೇಕು. ಆ ಯಂತ್ರದ ಅಯಸ್ಕಾಂತ ಭಾರೀ ಬಲದ್ದು.

ಸಿನಿಮಾದಲ್ಲಿ ಚೂರುಗಳು ಒಂದು ವಾರದಲ್ಲಿ ತಾವಾಗಿ ಹೃದಯದತ್ತ ಸರಿಯುತ್ತವೆ ಅಂತಾರೆ. ಅದನ್ನು ನಾನು ಒಪ್ಪುವುದಿಲ್ಲ. ಆದರೆ ಅಯಸ್ಕಾಂತದ ಉಪಾಯ ಪೂರ್ತಿ ಕಟ್ಟುಕತೆಯಲ್ಲ. ಬರ್ಲಿನ್‌ನ ಕಣ್ಣಿನ ವೈದ್ಯ ಯೂಲಿಯಸ್ ಹಿರ್ಷ್‌ಬರ್ಗ್ 1879ರಷ್ಟು ಹಿಂದೆಯೇ ಕರೆಂಟಿನ ಅಯಸ್ಕಾಂತದಿಂದ ಕಣ್ಣೊಳಗಿನ ಕಬ್ಬಿಣದ ಚೂರು ತೆಗೆದಿದ್ದರು. ಕಣ್ಣಿನಲ್ಲಿ ಚೂರು ಅಯಸ್ಕಾಂತಕ್ಕೆ ತೀರಾ ಹತ್ತಿರ ಇರುತ್ತದೆ. ಎದೆಯಲ್ಲಿ ಹಾಗಲ್ಲ. ದೂರ ಹೆಚ್ಚಿದಂತೆ ಸೆಳೆತ ಬೇಗ ಬೇಗ ಕುಗ್ಗುತ್ತದೆ. ಚೂರು ಅಲ್ಯೂಮಿನಿಯಂದೋ ತಾಮ್ರದ್ದೋ ಆದರೆ ಸೆಳೆತವೇ ಇಲ್ಲ.

ನನ್ನ ದೊಡ್ಡ ತಕರಾರು ಅಯಸ್ಕಾಂತ ಕೂರಿಸಿದ ಜಾಗದ್ದು. ಎದೆಯ ನಡುವಿನ ಮೂಳೆಯ ಹಿಂದೆಯೇ ಹೃದಯ ಇದೆ. ಅಲ್ಲಿ ಸಿನಿಮಾದಲ್ಲಿ ತೋರಿಸುವಂತೆ ಕೈ ಹೋಗುವಷ್ಟು ಆಳದ ಲೋಹದ ಡಬ್ಬಿ ಇಳಿಸಲು ಜಾಗ ಎಲ್ಲಿದೆ? ಮೂಳೆ ಕತ್ತರಿಸಬೇಕು, ಹೃದಯ ಒತ್ತಿಹೋಗುತ್ತದೆ, ಪ್ರತಿ ಉಸಿರಿಗೂ ಎದೆಗೂಡು ನೋಯುತ್ತದೆ. ಇನ್ನು ಚರ್ಮ ಮತ್ತು ಲೋಹ ಸೇರುವ ಅಂಚು. ಹೃದಯದ ಪಂಪ್ ಹಾಕಿಸಿಕೊಂಡವರಿಗೆ ಹೊಟ್ಟೆಯ ಚರ್ಮದ ಮೂಲಕ ಒಂದು ತೆಳು ಕೇಬಲ್ ಹೊರಗೆ ಬರುತ್ತದೆ. ಅಷ್ಟು ಸಣ್ಣ ತೂತನ್ನೂ ದಿನಾ ನೋಡಿಕೊಳ್ಳಬೇಕು. ಕೈ ತೊಳೆದು, ಹಳೇ ಪಟ್ಟಿ ಬಿಚ್ಚಿ, ಚರ್ಮ ಕೆಂಪಾಗಿದೆಯಾ, ಕೀವು ಇದೆಯಾ ನೋಡಿ, ಶುಚಿ ಮಾಡಿ, ಹೊಸ ಪಟ್ಟಿ ಕಟ್ಟಬೇಕು. ಇಷ್ಟು ಮಾಡಿದರೂ ಸೋಂಕು ಆಗುವುದುಂಟು. ಟೋನಿಗೆ ಆಪರೇಷನ್ ಆಗಿದ್ದು ಗುಹೆಯಲ್ಲಿ, ಮೊದಲು ಕರೆಂಟು ಕೊಟ್ಟಿದ್ದು ಕಾರಿನ ಬ್ಯಾಟರಿ. ಅಲ್ಲಿ ಚೂರಿಗಿಂತ ಮೊದಲು ಜೀವ ತೆಗೆಯುವುದು ಸೋಂಕೇ.

ಮೂರನೇ ಸಿನಿಮಾದಲ್ಲಿ (2013) ಕೊನೆಗೆ ಆಪರೇಷನ್ ಮಾಡಿ ಚೂರು ತೆಗೆಸುತ್ತಾರೆ. ಅಷ್ಟು ದಿನ ಕಾಯಬೇಕಿರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನಾ ಸರ್ಜನ್ ಡ್ವೈಟ್ ಹಾರ್ಕನ್ ಇಂಗ್ಲೆಂಡಿನಲ್ಲಿ ಸೈನಿಕರ ಹೃದಯದಿಂದ, ಅದರ ಅಕ್ಕಪಕ್ಕದಿಂದ 134 ಗುಂಡು, ಚೂರುಗಳನ್ನು ತೆಗೆದರು. ಹೃದಯ ನಿಲ್ಲಿಸಿದಾಗ ಅದರ ಕೆಲಸ ಮಾಡುವ ಯಂತ್ರ ಆಗ ಇರಲಿಲ್ಲ. ಬಡಿಯುತ್ತಿರುವ ಹೃದಯದಲ್ಲೇ ಕೈಯಾಡಿಸಿದರು. ಒಬ್ಬರೂ ಸಾಯಲಿಲ್ಲ. ಇವತ್ತೂ ಚೂರಿನಿಂದ ನಿಜವಾದ ಅಪಾಯ ಇದ್ದರೆ ನಾವು ಎದೆ ತೆರೆದು ಅದನ್ನು ತೆಗೆದೇ ಬಿಡುತ್ತೇವೆ.