ಮ್ಯಾಗ್ನೆಟ್ ಹತ್ರ ತಂದ್ರೆ ಬಿಸಿ ಆಗೋ ಲೋಹ

ಪ್ರಶ್ನೆ: ಸರ್, ಗ್ಯಾಡೊಲಿನಿಯಂ ಅನ್ನೋ ಲೋಹ ಮ್ಯಾಗ್ನೆಟ್ ಹತ್ರ ಇಟ್ರೆ ಬಿಸಿ ಆಗತ್ತಂತೆ, ನಿಜಾನಾ? ಇದ್ರಿಂದ ಗ್ಯಾಸ್ ಇಲ್ದೆ ಫ್ರಿಜ್ ಮಾಡ್ಬಹುದಾ?

ಉತ್ತರ: ನಿಜಾನೇ. ಇದರ ಅಯಾನ್ (ಎಲೆಕ್ಟ್ರಾನ್ ಕಳ್ಕೊಂಡ ಪರಮಾಣು) ಒಂದೊಂದ್ರಲ್ಲೂ 7 ಒಂಟಿ ಎಲೆಕ್ಟ್ರಾನ್ ಇರತ್ವೆ, ಮ್ಯಾಗ್ನೆಟ್ ಹತ್ರ ತಂದಾಗ ಅವುಗಳ ಸ್ಪಿನ್ (ಎಲೆಕ್ಟ್ರಾನನ್ನ ಪುಟ್ಟ ಮ್ಯಾಗ್ನೆಟ್ ಥರ ಮಾಡೋ ಗುಣ) ಎಲ್ಲಾ ಒಂದೇ ದಿಕ್ಕಿಗೆ ತಿರುಗಿ ಅಲ್ಲಿ ಎಂಟ್ರೊಪಿ, ಅಂದ್ರೆ ಅಸ್ತವ್ಯಸ್ತತೆ, ಕಮ್ಮಿ ಆಗತ್ತೆ, ಆ ಕಮ್ಮಿಯಾಗಿದ್ದು ಪರಮಾಣುಗಳ ಕಂಪನಕ್ಕೆ ಹೋಗಿ ಸೇರ್ಕೊಳತ್ತೆ, ಅದೇ ಬಿಸಿ. ಆ ಬಿಸಿನ ನೀರು ಹರಿಸಿ ತೆಗೆದು ಆಮೇಲೆ ಮ್ಯಾಗ್ನೆಟ್ ದೂರ ಮಾಡಿದ್ರೆ ಲೋಹ ಮೊದಲಿಗಿಂತ ತಣ್ಣಗಾಗತ್ತೆ. ಕ್ಯೂರಿ ತಾಪಮಾನದ (ಇದಕ್ಕಿಂತ ಬಿಸಿಯಾದ್ರೆ ಲೋಹ ಕಬ್ಬಿಣದಂಥ ಕಾಂತಗುಣ ಕಳ್ಕೊಳತ್ತೆ) ಹತ್ರ ಈ ಆಟ ಜೋರು, ಗ್ಯಾಡೊಲಿನಿಯಂಗೆ ಅದು ಸುಮಾರು 20 ಡಿಗ್ರಿ ಸೆಲ್ಸಿಯಸ್, ಹೆಚ್ಚುಕಮ್ಮಿ ಕೋಣೆಯ ತಾಪಮಾನ, ಅದಕ್ಕೇ ಫ್ರಿಜ್ ಮಾಡೋರಿಗೆಲ್ಲಾ ಇದರ ಮೇಲೆ ಕಣ್ಣು.

ಐಡಿಯಾ ಹೊಸದೇನಲ್ಲ. 1933ರಲ್ಲೇ ಜಿಯೋಕ್ ಮತ್ತು ಮ್ಯಾಕ್‌ಡೂಗಲ್ ಅನ್ನೋ ವಿಜ್ಞಾನಿಗಳು ಗ್ಯಾಡೊಲಿನಿಯಂ ಸಲ್ಫೇಟ್ ಇಟ್ಕೊಂಡು 1 ಕೆಲ್ವಿನ್‌ಗಿಂತ (ಸುಮಾರು ಮೈನಸ್ 272 ಡಿಗ್ರಿ ಸೆಲ್ಸಿಯಸ್) ಕೆಳಗೆ ಇಳಿದಿದ್ರು. 1997ರಲ್ಲಿ ಗ್ಯಾಡೊಲಿನಿಯಂಗೆ ಸಿಲಿಕಾನ್, ಜರ್ಮೇನಿಯಂ ಬೆರೆಸಿದ ಮಿಶ್ರಲೋಹದಲ್ಲಿ ಪರಿಣಾಮ ಇನ್ನೂ ದೊಡ್ಡದು ಅಂತ ಗೊತ್ತಾಯ್ತು, ಆದ್ರೆ ಅದ್ರಲ್ಲಿ ಹಿಸ್ಟೆರಿಸಿಸ್ ಕಾಟ, ಅಂದ್ರೆ ಹೋದ ದಾರೀಲೇ ಸರಿಯಾಗಿ ವಾಪಸ್ ಬರಲ್ಲ, ಪ್ರತಿ ಸುತ್ತಿಗೂ ಒಂದಿಷ್ಟು ಶಕ್ತಿ ಸುಮ್ನೆ ಸೋರಿ ಹೋಗತ್ತೆ.

ಫ್ರಿಜ್ ಮಾದರಿಗಳು ಬಂದಿವೆ. ಆದ್ರೆ 1 ಟೆಸ್ಲಾ (ಮ್ಯಾಗ್ನೆಟ್ ಫೀಲ್ಡ್ ಎಷ್ಟು ಜೋರು ಅಂತ ಅಳೆಯೋ ಮಾನ) ಫೀಲ್ಡ್‌ಗೆ ಸಿಗೋದು ಬರೀ 3 ಡಿಗ್ರಿ ಆಸುಪಾಸು, ಹಂತ ಹಂತವಾಗಿ ಕೂಡಿಸ್ಕೊಂಡು ಹೋಗ್ಬೇಕು, ಮ್ಯಾಗ್ನೆಟ್ಟೂ ದುಬಾರಿ. ಸದ್ಯಕ್ಕೆ ಕಂಪ್ರೆಸರ್‌ಗೆ ಏನೂ ಭಯ ಇಲ್ಲ ಬಿಡಿ.